ಲಿದಿತ್ಸೆ: ಭೂಪಟದಿಂದ ಅಳಿಸಲು ಹೊರಟ ಗಣಿಕಾರ್ಮಿಕರ ಊರು



ಪ್ರೌಢಶಾಲೆಯ ಇತಿಹಾಸ ಪುಸ್ತಕದಲ್ಲಿ ಎರಡನೆಯ ಮಹಾಯುದ್ಧಕ್ಕೆ ದೊರೆಯುತ್ತಿದ್ದ ಸ್ಥಳ ಎಷ್ಟೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಾರಣಗಳು, ಪ್ರಮುಖ ಘಟನೆಗಳು, ಪರಿಣಾಮಗಳು ಎಂಬ ಮೂರು ಶೀರ್ಷಿಕೆಗಳಡಿ ಆರು ವರ್ಷಗಳ ಮಹಾಸಂಹಾರವು ಅಡಗಿಬಿಡುತ್ತಿತ್ತು. ಹಿಟ್ಲರನ ಹೆಸರಿರುತ್ತಿತ್ತು, ಹಿರೋಶಿಮಾದ ಹೆಸರಿರುತ್ತಿತ್ತು. ಇವೆರಡರ ನಡುವೆ ಸತ್ತ ಕೋಟ್ಯಂತರ ಜನರು ಒಂದು ಅಂಕಿಯಾಗಿ ಕಂಡು ಮಾಯವಾಗುತ್ತಿದ್ದರು. ಆ ಅಂಕಿಯೊಳಗೆ ಸೇರಿಹೋದ ಒಂದು ಸಣ್ಣ ಊರಿನ ಕಥೆಯನ್ನು ಈ ಸಲ ನಿಮಗೆ ಹೇಳಬೇಕೆಂದಿದ್ದೇನೆ. ಆ ಊರಿನ ಹೆಸರು ಲಿದಿತ್ಸೆ. ಇಂಗ್ಲಿಷ್ ಓದಿದವರು ಇದನ್ನು ‘ಲಿಡಿಸ್’ ಎಂದೂ ಉಚ್ಚರಿಸುವುದುಂಟು.

ಇಂದಿನ ಜೆಕ್ ಗಣರಾಜ್ಯದ ರಾಜಧಾನಿ ಪ್ರಾಗ್ ನಗರದಿಂದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಈ ಊರಿದೆ. ಸಮೀಪದಲ್ಲೇ ಕ್ಲಾದ್ನೊ ಎಂಬ ಕೈಗಾರಿಕಾ ಪಟ್ಟಣ. ಕ್ಲಾದ್ನೊ ಸುತ್ತಲಿನ ನೆಲದಡಿ ಕಲ್ಲಿದ್ದಲು ಹೇರಳವಾಗಿತ್ತು. ಕಲ್ಲಿದ್ದಲಿನ ಬೆನ್ನಿಗೇ ಉಕ್ಕಿನ ಕಾರ್ಖಾನೆಗಳು ಬಂದವು. ಲಿದಿತ್ಸೆಯ ಗಂಡಸರಲ್ಲಿ ಬಹುಪಾಲು ಜನ ಈ ಗಣಿಗಳಿಗೋ ಕಾರ್ಖಾನೆಗಳಿಗೋ ಪಾಳಿಯ ಲೆಕ್ಕದಲ್ಲಿ ಹೋಗಿ ದುಡಿಯುತ್ತಿದ್ದರು. ಉಳಿದ ಕೆಲವರು ಬೇಸಾಯಗಾರರು. 1318ರಷ್ಟು ಹಿಂದೆಯೇ ದಾಖಲೆಗಳಲ್ಲಿ ಕಾಣಿಸಿಕೊಂಡ ಈ ಊರಿನಲ್ಲಿ 1942ರ ಹೊತ್ತಿಗೆ ಇದ್ದದ್ದು ಸುಮಾರು 100 ಮನೆ, 500 ಜನ. ಸಂತ ಮಾರ್ಟಿನನ ಹೆಸರಿನ ಹಳೆಯ ಚರ್ಚು, ಒಂದು ಶಾಲೆ, ಒಂದು ಕೆರೆ, ಊರ ನಡುವೆ ಹರಿಯುವ ಒಂದು ತೊರೆ. ಚರಿತ್ರೆಯಲ್ಲಿ ಹೆಸರು ಗಳಿಸುವಂಥದ್ದೇನೂ ಅಲ್ಲಿರಲಿಲ್ಲ.

ಒಂದು ಹತ್ಯೆ, ಒಂದು ಪತ್ರ

1939ರ ಮಾರ್ಚಿಯಲ್ಲಿ ಜರ್ಮನಿಯು ಜೆಕ್ ಪ್ರದೇಶವನ್ನು ಆಕ್ರಮಿಸಿ, ಅದನ್ನು ‘ಬೊಹೀಮಿಯಾ-ಮೊರಾವಿಯಾ ರಕ್ಷಿತ ಪ್ರಾಂತ’ ಎಂದು ಕರೆಯಿತು. 1941ರ ಸೆಪ್ಟೆಂಬರಿನಲ್ಲಿ ಅದರ ಆಡಳಿತವು ರೈನ್‌ಹಾರ್ಡ್ ಹೈಡ್ರಿಖ್ ಎಂಬವನ ಕೈಗೆ ಬಂತು. ಯೆಹೂದಿಗಳ ಸಾಮೂಹಿಕ ನಿರ್ಮೂಲನದ ಯೋಜನೆಯನ್ನು ಅಧಿಕಾರಿಗಳ ಸಭೆಯಲ್ಲಿ ಮೇಜಿನ ಸುತ್ತ ಕುಳಿತು ಚರ್ಚಿಸಿದ 1942ರ ಜನವರಿಯ ವಾನ್ಸೀ ಸಭೆಗೆ ಅಧ್ಯಕ್ಷನಾಗಿದ್ದವನೂ ಇವನೇ. ಬ್ರಿಟನ್ನಿನಲ್ಲಿ ತರಬೇತಿ ಪಡೆದು ಪ್ಯಾರಾಚೂಟಿನಿಂದ ಇಳಿದಿದ್ದ ಯಾನ್ ಕುಬಿಶ್ ಮತ್ತು ಯೋಜೆಫ್ ಗಾಬ್‌ಚೀಕ್ ಎಂಬ ಇಬ್ಬರು ಯೋಧರು 1942ರ ಮೇ 27ರಂದು ಪ್ರಾಗ್‌ನ ರಸ್ತೆಯ ತಿರುವೊಂದರಲ್ಲಿ ಅವನ ಕಾರಿನ ಮೇಲೆ ದಾಳಿ ಮಾಡಿದರು. ಬಾಂಬಿನಿಂದ ಗಾಯಗೊಂಡ ಹೈಡ್ರಿಖ್ ಜೂನ್ 4ರಂದು ಸತ್ತನು.

ಹಂತಕರ ಸುಳಿವಿಗಾಗಿ ನಾಜಿ ಪೊಲೀಸರು ಇಡೀ ನಾಡನ್ನು ಜಾಲಾಡುತ್ತಿದ್ದ ದಿನಗಳಲ್ಲಿ ಸ್ಲಾನಿ ಎಂಬ ಪಟ್ಟಣದ ಕಾರ್ಖಾನೆಯೊಂದಕ್ಕೆ ಒಂದು ಪತ್ರ ಬಂತು. ಅಲ್ಲಿ ಕೆಲಸ ಮಾಡುತ್ತಿದ್ದ ಯುವತಿಯೊಬ್ಬಳಿಗೆ ವಿವಾಹಿತ ಪುರುಷನೊಬ್ಬ ಬರೆದ ಪತ್ರವದು. ಅವಳೊಂದಿಗಿನ ಸಂಬಂಧವನ್ನು ಕಡಿದುಕೊಳ್ಳುವ ಉದ್ದೇಶದಿಂದ ಅವನು ತನ್ನ ಮಾತುಗಳನ್ನು ನಿಗೂಢವಾಗಿ, ತಾನೇನೋ ಗಂಭೀರ ಕಾರ್ಯ ಮಾಡಿ ತಲೆಮರೆಸಿಕೊಳ್ಳುತ್ತಿರುವಂತೆ ತೋರುವ ಹಾಗೆ ಬರೆದಿದ್ದನು. ಕಾರ್ಖಾನೆಯ ಮಾಲೀಕನು ಅದನ್ನು ಒಡೆದು ಓದಿ ಪೊಲೀಸರಿಗೆ ತಲುಪಿಸಿದನು. ಯುವತಿಯ ವಿಚಾರಣೆಯಲ್ಲಿ ಲಿದಿತ್ಸೆಯ ಹೊರಾಕ್ ಎಂಬ ಮನೆತನದ ಹೆಸರು ಹೊರಬಂತು. ಆ ಮನೆಯ ಮಗನೊಬ್ಬ ಮತ್ತು ಸ್ತ್ರೀಬ್ರನಿ ಎಂಬ ಇನ್ನೊಂದು ಮನೆಯ ಮಗ ಬ್ರಿಟನ್ನಿಗೆ ಹೋಗಿ ಅಲ್ಲಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸುತ್ತಿದ್ದುದು ನಿಜ. ಆದರೆ ಹೈಡ್ರಿಖ್‌ನ ಹತ್ಯೆಗೂ ಅವರಿಗೂ, ಆ ಊರಿಗೂ ಯಾವ ಸಂಬಂಧವೂ ಇರಲಿಲ್ಲ. ಪೊಲೀಸರು ಊರನ್ನು ಶೋಧಿಸಿದರು; ಏನೂ ಸಿಗಲಿಲ್ಲ. ಆದರೂ ಈ ಎರಡು ಕುಟುಂಬದವರನ್ನು ಬಂಧಿಸಿ ಒಯ್ದರು.

ಆಮೇಲೆ ನಡೆದದ್ದಕ್ಕೆ ಸಾಕ್ಷ್ಯದ ಅಗತ್ಯವಿರಲಿಲ್ಲ. ಜೂನ್ 9ರಂದು ಬರ್ಲಿನ್ನಿನಲ್ಲಿ ಹೈಡ್ರಿಖ್‌ನ ಅಂತ್ಯಕ್ರಿಯೆ ನಡೆಯಿತು. ಅದೇ ದಿನ ಕಾರ್ಲ್ ಹೆರ್ಮಾನ್ ಫ್ರಾಂಕ್ ಎಂಬ ಅಧಿಕಾರಿಯು ಹಿಟ್ಲರನ ಆಜ್ಞೆಯನ್ನು ಪ್ರಾಗ್‌ಗೆ ತಿಳಿಸಿದನು. ವಯಸ್ಕ ಗಂಡಸರನ್ನೆಲ್ಲ ಗುಂಡಿಕ್ಕಿ ಕೊಲ್ಲುವುದು, ಹೆಂಗಸರನ್ನು ಸೆರೆಶಿಬಿರಕ್ಕೆ ಕಳುಹಿಸುವುದು, ಮಕ್ಕಳಲ್ಲಿ ಜರ್ಮನರಾಗಿ ಬೆಳೆಸಲು ಯೋಗ್ಯರಾದವರನ್ನು ಆರಿಸಿಕೊಳ್ಳುವುದು, ಊರನ್ನು ಸುಟ್ಟು ನೆಲಸಮ ಮಾಡುವುದು. ಒಂದು ಪ್ರಣಯಪತ್ರದ ಅಪಾರ್ಥವು ನೆಪವಾಯಿತು. ಮಾಡಬೇಕಾಗಿದ್ದುದು ಭಯದ ಪ್ರದರ್ಶನ.

ಜೂನ್ 10ರ ಬೆಳಗು

ಜೂನ್ 9ರ ರಾತ್ರಿ ಊರನ್ನು ಸುತ್ತುವರಿದರು. ಒಳಗೆ ಬರುವವರನ್ನು ತಡೆಯಲಿಲ್ಲ. ಹೊರಗೆ ಹೋಗಲು ಯಾರನ್ನೂ ಬಿಡಲಿಲ್ಲ. ಜನರನ್ನು ಮನೆಗಳಿಂದ ಎಬ್ಬಿಸಿ, ಹೆಂಗಸರನ್ನೂ ಮಕ್ಕಳನ್ನೂ ಶಾಲೆಗೆ ಒಯ್ದರು. ಗಂಡಸರನ್ನು ಹೊರಾಕ್ ಕುಟುಂಬದ ತೋಟದ ಮನೆಯಲ್ಲಿ ಕೂಡಿಹಾಕಿದರು. ಬೆಳಗಾಗುವ ಮೊದಲೇ ತಾಯಂದಿರನ್ನೂ ಮಕ್ಕಳನ್ನೂ ಕ್ಲಾದ್ನೊ ಪಟ್ಟಣದ ಪ್ರೌಢಶಾಲೆಗೆ ಸಾಗಿಸಿದರು.

ಬೆಳಿಗ್ಗೆ ಆ ತೋಟದಲ್ಲಿ ಹತ್ಯೆ ಆರಂಭವಾಯಿತು. ಗುಂಡುಗಳು ಗೋಡೆಗೆ ಬಡಿದು ಹಿಂದಕ್ಕೆ ಚಿಮ್ಮಬಾರದೆಂದು, ಆ ಊರಿನ ಮನೆಗಳಿಂದಲೇ ಹಾಸಿಗೆಗಳನ್ನು ತಂದು ಕಣಜದ ಗೋಡೆಗೆ ಒರಗಿಸಿದ್ದರು. ಮೊದಲು ಐದೈದು ಜನರನ್ನು ಕರೆತಂದು ನಿಲ್ಲಿಸಿದರು. ಕೆಲಸ ನಿಧಾನವಾಗುತ್ತಿದೆ ಎನಿಸಿದಾಗ ಹತ್ತು ಹತ್ತು ಜನರನ್ನು ತಂದರು. ಹಿಂದೆ ಸತ್ತವರ ದೇಹಗಳು ಬಿದ್ದಲ್ಲೇ ಇರುತ್ತಿದ್ದವು. ಮುಂದಿನ ಸಾಲಿನವರು ಅವುಗಳ ಮುಂದೆ ನಿಲ್ಲಬೇಕಿತ್ತು. ಹೀಗೆ 173 ಜನ ಸತ್ತರು. ಅವರಲ್ಲಿ 84 ವರ್ಷದ ಮುದುಕರೊಬ್ಬರಿದ್ದರು. ಮೀಸೆ ಮೂಡದ ಹುಡುಗರಿದ್ದರು. 1909ರಿಂದ ಆ ಊರಿನ ಚರ್ಚಿನಲ್ಲಿದ್ದ, 73ರ ಹರೆಯದ ಪಾದ್ರಿ ಯೋಜೆಫ್ ಷ್ಟೆಂಬೆರ್ಕಾ ಅವರೂ ತಮ್ಮ ಜನರೊಡನೆಯೇ ಪ್ರಾಣ ಬಿಟ್ಟರು. ಹೆಣಗಳನ್ನು ಹೂಳುವ ಗುಂಡಿಯನ್ನು ತೋಡಲು ತೆರೆಜೀನ್ ಸೆರೆಶಿಬಿರದಿಂದ 30 ಮಂದಿ ಯೆಹೂದಿ ಕೈದಿಗಳನ್ನು ಕರೆತಂದಿದ್ದರು.

ಗಣಿಯ ಊರೆಂದ ಮೇಲೆ ರಾತ್ರಿ ಪಾಳಿ ಇದ್ದೇ ಇರುತ್ತದೆ. ಆ ರಾತ್ರಿ ಕೆಲಸಕ್ಕೆ ಹೋಗಿದ್ದ, ಅಥವಾ ಬೇರೆ ಕಾರಣಕ್ಕೆ ಊರಿನಲ್ಲಿರದಿದ್ದ 11 ಗಂಡಸರು ಆ ಬೆಳಗಿನ ಗುಂಡಿಗೆ ಸಿಕ್ಕಿರಲಿಲ್ಲ. ಭೂಮಿಯ ಕೆಳಗೆ ದುಡಿಯುವವನಿಗೆ ಅಪಾಯವೆಂದರೆ ಗಣಿಯೊಳಗಿನದು. ಪಾಳಿ ಮುಗಿಸಿ ಮೇಲೆ ಬಂದರೆ ಅಂದಿನ ಮಟ್ಟಿಗೆ ಬದುಕಿದಂತೆ. ಇವರ ಪಾಲಿಗೆ ಅದು ತಿರುವುಮುರುವಾಯಿತು. ಅವರನ್ನು ಹುಡುಕಿ ಹಿಡಿದರು. ಮೊದಲೇ ಬಂಧಿತರಾಗಿದ್ದ ಹೊರಾಕ್ ಮತ್ತು ಸ್ತ್ರೀಬ್ರನಿ ಕುಟುಂಬಗಳ 8 ಗಂಡಸರು ಹಾಗೂ 7 ಹೆಂಗಸರೊಡನೆ ಅವರನ್ನು ಜೂನ್ 16ರಂದು ಪ್ರಾಗ್‌ನ ಕೊಬಿಲಿಸಿ ಎಂಬಲ್ಲಿ ಕೊಂದರು. ಎರಡು ದಿನಗಳ ಬಳಿಕ, ಜೂನ್ 18ರಂದು, ಪ್ರಾಗ್‌ನ ಚರ್ಚೊಂದರಲ್ಲಿ ಅಡಗಿದ್ದ ಕುಬಿಶ್, ಗಾಬ್‌ಚೀಕ್ ಮತ್ತು ಅವರ ಐವರು ಸಂಗಡಿಗರು ಹೋರಾಡಿ ಮಡಿದರು. ಅವರ ಅಡಗುದಾಣವನ್ನು ತಿಳಿಸಿದ ಸುಳಿವು ಬಂದದ್ದು ಅವರದೇ ಪಡೆಯ ಒಬ್ಬ ದ್ರೋಹಿಯಿಂದ. ಲಿದಿತ್ಸೆಯ ಇಷ್ಟೊಂದು ಜನರ ಸಾವಿನಿಂದ ಕೊಂದವರಿಗೆ ಒಂದು ಮಾಹಿತಿಯೂ ಸಿಕ್ಕಿರಲಿಲ್ಲ.

ಮಕ್ಕಳು

ಜೀವನವಿಡೀ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವನು ನಾನು. ಆದ್ದರಿಂದ ಈ ಭಾಗವನ್ನು ಬರೆಯುವಾಗ ಲೇಖನಿ ತಡವರಿಸುತ್ತದೆ.

ಕ್ಲಾದ್ನೊ ಶಾಲೆಯ ವ್ಯಾಯಾಮ ಮಂದಿರದಲ್ಲಿ ಹುಲ್ಲು ಹಾಸಿ ತಾಯಂದಿರನ್ನೂ ಮಕ್ಕಳನ್ನೂ ಕೆಲವು ದಿನ ಇರಿಸಿದ್ದರು. ಜೂನ್ 12ರಂದು ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿದರು. ಹೆಂಗಸರನ್ನು ರಾವೆನ್ಸ್‌ಬ್ರೂಕ್ ಸೆರೆಶಿಬಿರಕ್ಕೆ ಸಾಗಿಸಿದರು. 88 ಮಕ್ಕಳನ್ನು ಪೋಲೆಂಡಿನ ಲೋಡ್ಜ್ ನಗರಕ್ಕೆ ಒಯ್ದರು. ಜರ್ಮನ್ ಕುಟುಂಬಗಳಲ್ಲಿ ಬೆಳೆಸಬಹುದಾದವರೆಂದು ಕೆಲವರನ್ನಷ್ಟೇ ಆರಿಸಿಕೊಂಡರು. ಉಳಿದ ಮಕ್ಕಳಿಗೆ ನೆರೆಯೂರುಗಳ ಬಂಧುಗಳಿಗೆ ಕಾಗದ ಬರೆಯಲು ಅವಕಾಶ ಸಿಕ್ಕಿತ್ತು. ಆ ಕಾಗದಗಳು ಕೆಲವು ಉಳಿದಿವೆ. ತಿನ್ನಲು ಬ್ರೆಡ್ಡು, ತೊಡಲು ಬಟ್ಟೆ ಕಳುಹಿಸಿರೆಂದು ಅವುಗಳಲ್ಲಿ ಮಕ್ಕಳು ಕೇಳಿಕೊಂಡಿದ್ದಾರೆ. ಜುಲೈ ತಿಂಗಳ ಆರಂಭದಲ್ಲಿ ಅವರನ್ನು ಹೆಲ್ಮ್ನೊ ಎಂಬ ಮೃತ್ಯುಶಿಬಿರಕ್ಕೆ ಕೊಂಡೊಯ್ದು, ಎಂಜಿನಿನ ಹೊಗೆಯನ್ನೇ ಒಳಕ್ಕೆ ಬಿಡುವಂತೆ ಮಾಡಿದ ಮುಚ್ಚಿದ ವಾಹನಗಳಲ್ಲಿ ಉಸಿರುಗಟ್ಟಿಸಿ ಕೊಂದರು. ಹೀಗೆ ಸತ್ತ ಮಕ್ಕಳು 82. ಅವರಲ್ಲಿ ಹುಡುಗಿಯರು 42, ಹುಡುಗರು 40.

ಒಟ್ಟು ಲೆಕ್ಕ ಹೇಳುವುದಾದರೆ ಲಿದಿತ್ಸೆಯವರಲ್ಲಿ 340 ಜನ ಸತ್ತರು: 192 ಗಂಡಸರು, 60 ಹೆಂಗಸರು, 88 ಮಕ್ಕಳು. ಯುದ್ಧ ಮುಗಿದ ಮೇಲೆ 143 ಹೆಂಗಸರು ಶಿಬಿರಗಳಿಂದ ಹಿಂತಿರುಗಿದರು. ತಮ್ಮ ಗಂಡಂದಿರು ಸತ್ತು ಮೂರು ವರ್ಷಗಳಾಗಿವೆ ಎಂಬ ಸುದ್ದಿಯು ಅವರಲ್ಲಿ ಹೆಚ್ಚಿನವರಿಗೆ ತಿಳಿದದ್ದು ಆಗಲೇ. ಮಕ್ಕಳಲ್ಲಿ ಮರಳಿ ಸಿಕ್ಕವರು 17 ಮಂದಿ. ಜರ್ಮನ್ ಮನೆಗಳಲ್ಲಿ ಬೆಳೆದಿದ್ದ ಮಕ್ಕಳು ತಾಯ್ನುಡಿಯನ್ನೇ ಮರೆತಿದ್ದರು. ಹಾಗೆ ಹಿಂತಿರುಗಿದ ಒಬ್ಬ ಹುಡುಗಿಗೆ, ರೋಗಶಯ್ಯೆಯಲ್ಲಿದ್ದ ತಾಯಿಯೊಡನೆ ಮಾತನಾಡಲು ಜೆಕ್ ಭಾಷೆ ಬರುತ್ತಿರಲಿಲ್ಲ. ಇದೇ ಹುಡುಗಿಯು ಮುಂದೆ 1947ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು. ಆಗ ಅವಳಿಗೆ ಹದಿನೈದರ ಆಸುಪಾಸು ವಯಸ್ಸು.

ಹೆಸರಿನ ಮೇಲಿನ ಯುದ್ಧ

ಜನರನ್ನು ಮುಗಿಸಿದ ಮೇಲೆ ಊರಿನ ಸರದಿ. ಮನೆಗಳಿಗೆ ಬೆಂಕಿಯಿಟ್ಟು, ಉಳಿದ ಗೋಡೆಗಳನ್ನು ಸಿಡಿಮದ್ದಿನಿಂದ ಉರುಳಿಸಿದರು. ಚರ್ಚನ್ನು ಸಿಡಿಸಿದರು. ಸ್ಮಶಾನದ ಗೋರಿಗಳನ್ನೂ ಅಗೆದರು. ಕೆರೆಯನ್ನು ಮುಚ್ಚಿದರು, ತೊರೆಯ ದಿಕ್ಕನ್ನು ಬದಲಾಯಿಸಿದರು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ನಾಶದ ದೃಶ್ಯಗಳನ್ನು ಅವರೇ ಚಲನಚಿತ್ರವಾಗಿಯೂ ಸೆರೆಹಿಡಿದರು. ಮುಂದೆ ಅದೇ ಚಿತ್ರವು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವರ ವಿರುದ್ಧದ ಸಾಕ್ಷ್ಯವಾಯಿತು.

ಲಿದಿತ್ಸೆಯ ಒಬ್ಬ ಗಂಡಸು ಮಾತ್ರ, ಬೇರೊಂದು ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿದ್ದುದರಿಂದ ಈ ಹತ್ಯೆಯಿಂದ ಉಳಿದಿದ್ದನು. 1942ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಅವನು ಏನೊಂದೂ ತಿಳಿಯದೆ ಊರಿಗೆ ನಡೆದುಬಂದನು. ಬಂದು ನೋಡಿದರೆ ಅಲ್ಲಿ ಊರೇ ಇರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಾಜಿಗಳು ತಮ್ಮ ಹೆಚ್ಚಿನ ಹತ್ಯೆಗಳನ್ನು ಮುಚ್ಚಿಟ್ಟರು. ಆದರೆ ಲಿದಿತ್ಸೆಯ ವಿಷಯವನ್ನು ಅವರೇ ಸಾರಿದರು. ಗಂಡಸರನ್ನು ಕೊಂದುದನ್ನೂ ಊರನ್ನು ನೆಲಸಮ ಮಾಡಿ ಅದರ ಹೆಸರನ್ನು ಅಳಿಸಿದುದನ್ನೂ ಪ್ರಕಟಣೆ ಹೊರಡಿಸಿ ರೇಡಿಯೊ ಮೂಲಕ ಜಗತ್ತಿಗೆ ತಿಳಿಸಿದರು. ಜನರು ಹೆದರಬೇಕೆಂಬುದು ಅವರ ಲೆಕ್ಕ. ಆದರೆ ಅಳಿಸಿದ ಹೆಸರನ್ನು ಆ ಪ್ರಕಟಣೆಯೇ ಎಲ್ಲರ ಕಿವಿಗೂ ಮುಟ್ಟಿಸಿತು.

ಆ ಹೆಸರನ್ನು ಮೊದಲು ಎತ್ತಿಕೊಂಡವರಲ್ಲಿ ಗಣಿಕಾರ್ಮಿಕರು ಮುಂಚೂಣಿಯಲ್ಲಿದ್ದರು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಕಲ್ಲಿದ್ದಲು ಮತ್ತು ಪಿಂಗಾಣಿ ಕೆಲಸದ ಊರು. ಅಲ್ಲಿ ಬಾರ್ನೆಟ್ ಸ್ಟ್ರಾಸ್ ಎಂಬ ವೈದ್ಯರಿದ್ದರು. ಪೋಲೆಂಡಿನಲ್ಲಿ ಹುಟ್ಟಿದ ಯೆಹೂದಿ ಕುಟುಂಬದವರು, ಧೂಳಿನಿಂದ ಶ್ವಾಸಕೋಶ ಕೆಟ್ಟ ಕೆಲಸಗಾರರಿಗೆ ಚಿಕಿತ್ಸೆ ನೀಡುತ್ತಿದ್ದವರು, ನಗರಸಭೆಯ ಸದಸ್ಯರು. ಲಿದಿತ್ಸೆ ಸಾಯಬೇಕೆಂದು ಹಿಟ್ಲರ್ ಹೇಳಿದರೆ, ಲಿದಿತ್ಸೆ ಬದುಕುವುದೆಂದು ನಾವು ಹೇಳೋಣ ಎಂಬುದು ಅವರ ಸಂಕಲ್ಪ. ಉತ್ತರ ಸ್ಟಾಫರ್ಡ್‌ಶೈರಿನ ಗಣಿಕಾರ್ಮಿಕರ ಸಂಘವು ಕೈಜೋಡಿಸಿತು. 1942ರ ಸೆಪ್ಟೆಂಬರ್ 6ರಂದು ಹ್ಯಾನ್ಲಿಯ ವಿಕ್ಟೋರಿಯಾ ಸಭಾಭವನದಲ್ಲಿ, ದೇಶಭ್ರಷ್ಟರಾಗಿದ್ದ ಚೆಕೊಸ್ಲೊವಾಕಿಯಾದ ಅಧ್ಯಕ್ಷ ಎಡ್ವರ್ಡ್ ಬೆನೆಶ್ ಅವರ ಸಮ್ಮುಖದಲ್ಲಿ ಈ ಆಂದೋಲನ ಆರಂಭವಾಯಿತು. ಯುದ್ಧ ಮುಗಿದ ಮೇಲೆ ಆ ಊರನ್ನು ಮತ್ತೆ ಕಟ್ಟಲು ಹಣ ಕೂಡಿಸುವುದು ಉದ್ದೇಶ. ಯುದ್ಧ ಯಾವಾಗ ಮುಗಿಯುತ್ತದೆ, ಯಾರು ಗೆಲ್ಲುತ್ತಾರೆ ಎಂಬುದು ಯಾರಿಗೂ ತಿಳಿಯದ ಕಾಲವದು ಎಂಬುದನ್ನು ನೆನಪಿಡಿ.

ಆ ಗಣಿಕಾರ್ಮಿಕರ ಸ್ಥಿತಿ ಹೇಗಿತ್ತು? ಅದೇ ವರ್ಷದ ಜನವರಿ 1ರಂದು, ಅದೇ ನಗರದ ಸ್ನೀಡ್ ಗಣಿಯಲ್ಲಿ ಸ್ಫೋಟವಾಗಿ 57 ಜನ ಗಂಡಸರೂ ಹುಡುಗರೂ ಸತ್ತಿದ್ದರು. ಅವರ ಮನೆಗಳ ಸೂತಕವೇ ಆರಿರಲಿಲ್ಲ. ಅಂಥವರು ತಮ್ಮ ವಾರದ ಕೂಲಿಯಿಂದ ತೆಗೆದು, ಕಣ್ಣಿನಿಂದ ಕಾಣದ, ಹೆಸರನ್ನು ಉಚ್ಚರಿಸಲೂ ಬಾರದ ಊರೊಂದಕ್ಕೆ ಕೊಟ್ಟರು. ಆಂದೋಲನದಿಂದ ಕೂಡಿದ ಹಣ 32,000 ಪೌಂಡ್ ಎಂಬ ಲೆಕ್ಕವಿದೆ. ಶ್ರೀಮಂತರ ದಾನಕ್ಕಿಂತ ಈ ಹಣಕ್ಕೆ ತೂಕ ಹೆಚ್ಚೆಂದು ನನ್ನ ಭಾವನೆ. ಗಂಡಸು ಗಣಿಯಿಂದ ಹಿಂತಿರುಗದಿದ್ದರೆ ಮನೆಯ ಗತಿಯೇನೆಂಬುದನ್ನು ಬಲ್ಲವರು ಕೊಟ್ಟದ್ದು ಅದು.

ವೇಲ್ಸ್ ಪ್ರಾಂತದ ಗಣಿಕಾರ್ಮಿಕರು ಬೇರೊಂದು ಬಗೆಯಲ್ಲಿ ಸ್ಪಂದಿಸಿದರು. ಹಂಫ್ರಿ ಜೆನ್ನಿಂಗ್ಸ್ ಎಂಬ ನಿರ್ದೇಶಕರು 1943ರಲ್ಲಿ ‘ದಿ ಸೈಲೆಂಟ್ ವಿಲೇಜ್’ ಎಂಬ ಚಿತ್ರವನ್ನು ಅಲ್ಲಿನ ಕುಮ್‌ಗೀಯೆದ್ ಎಂಬ ಗಣಿಹಳ್ಳಿಯಲ್ಲಿ ತೆಗೆದರು. ಲಿದಿತ್ಸೆಗೆ ಬಂದದ್ದು ನಮ್ಮೂರಿಗೆ ಬಂದಿದ್ದರೆ ಎಂಬುದೇ ಅದರ ವಸ್ತು. ಪಾತ್ರಧಾರಿಗಳು ನಟರಲ್ಲ, ಆ ಹಳ್ಳಿಯ ಜನರೇ. ವೆಲ್ಷ್ ಆ ಜನರ ಮನೆಮಾತು. ಆಕ್ರಮಣಕಾರರು ಶಾಲೆಯಲ್ಲಿ ಆ ಭಾಷೆಯನ್ನು ನಿಷೇಧಿಸುವ ಪ್ರಸಂಗವನ್ನೂ, ಅದನ್ನು ಮರೆಯಬೇಡಿರೆಂದು ಉಪಾಧ್ಯಾಯಿನಿಯು ಮಕ್ಕಳಿಗೆ ಹೇಳುವುದನ್ನೂ ಚಿತ್ರದಲ್ಲಿ ತೋರಿಸಲಾಗಿದೆ. ಲಿದಿತ್ಸೆಯ ಮಕ್ಕಳು ಕೆಲವರು ಅದೇ ಕಾಲದಲ್ಲಿ ಜರ್ಮನ್ ಮನೆಗಳಲ್ಲಿ ತಮ್ಮ ನುಡಿಯನ್ನು ನಿಜವಾಗಿಯೂ ಮರೆಯುತ್ತಿದ್ದರೆಂಬುದು ಚಿತ್ರ ತೆಗೆದವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಂದು ಬಡಾವಣೆಯು, ಮೆಕ್ಸಿಕೊದಲ್ಲಿ ಒಂದು ಊರು 1942ರಲ್ಲೇ ಲಿದಿತ್ಸೆಯ ಹೆಸರನ್ನು ತಾಳಿದವು. ಜೆಕ್ ಸಂಗೀತಗಾರ ಬೊಹುಸ್ಲಾವ್ ಮಾರ್ಟಿನೂ 1943ರಲ್ಲಿ ಅದರ ಸ್ಮರಣೆಗಾಗಿ ಕೃತಿ ರಚಿಸಿದರು.

ನೆನಪಾಗದ ಊರುಗಳು

ಇಷ್ಟು ಓದಿದ ಮೇಲೆ, ಬೇರೆ ಊರುಗಳಿಗೆ ಸಿಗದ ಸ್ಮರಣೆ ಈ ಊರಿಗೇಕೆ ಸಿಕ್ಕಿತು ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು, ಕೇಳಲೇಬೇಕು. 1942ರ ಜೂನ್ 24ರಂದು ಲೆಝಾಕಿ ಎಂಬ ಪುಟ್ಟ ಜೆಕ್ ಹಳ್ಳಿಯಲ್ಲಿ 33 ವಯಸ್ಕರನ್ನು ಕೊಂದರು. ಅಲ್ಲಿ ಹೆಂಗಸರನ್ನೂ ಬಿಡಲಿಲ್ಲ. ಲಿದಿತ್ಸೆಯ ಮಕ್ಕಳು ಸತ್ತ ಹೆಲ್ಮ್ನೊ ಶಿಬಿರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹತರಾದರು. ಅವರಲ್ಲಿ ಬಹುಪಾಲು ಯೆಹೂದಿಗಳು, ಮಕ್ಕಳೂ ಅಸಂಖ್ಯ. ಅದೇ 1942ರ ಏಪ್ರಿಲ್ 26ರಂದು ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾದ ಬೆನ್ಶಿಹು ಕಲ್ಲಿದ್ದಲು ಗಣಿಯ ಸ್ಫೋಟದಲ್ಲಿ 1,549 ಕಾರ್ಮಿಕರು ಸತ್ತರು. ಗಣಿಗಳ ಇತಿಹಾಸದಲ್ಲೇ ಅತಿ ದೊಡ್ಡ ದುರಂತವದು. ಯಾವ ಪರದೇಶದ ಬಡಾವಣೆಯೂ ಆಗ ಬೆನ್ಶಿಹುವಿನ ಹೆಸರನ್ನು ಇಟ್ಟುಕೊಳ್ಳಲಿಲ್ಲ.

ನ್ಯಾಯದ ತಕ್ಕಡಿಯು ನೆನಪಿನ ವಿಷಯದಲ್ಲಿ ಸಮನಾಗಿ ತೂಗುವುದಿಲ್ಲ. ಸುದ್ದಿ ಹೊರಬಂದ ಸಾವು ನೆನಪಾಗುತ್ತದೆ; ಬಾರದ್ದು ಲೆಕ್ಕದಲ್ಲಿ ಸೇರುತ್ತದೆ. ಹೀಗಿರುವಾಗ ಲಿದಿತ್ಸೆಯನ್ನು ನೆನೆಯುವವನು, ಹೆಸರು ತಿಳಿಯದ ಆ ಇತರರಿಗೂ ಅದೇ ಹೆಸರಿನಡಿ ಒಂದಿಷ್ಟು ಜಾಗ ಕೊಡಬೇಕೆಂದು ನನಗನಿಸುತ್ತದೆ.

ಮತ್ತೆ ಕಟ್ಟಿದ ಊರು

ಯುದ್ಧಾನಂತರ ಕಾರ್ಲ್ ಹೆರ್ಮಾನ್ ಫ್ರಾಂಕ್‌ನ ವಿಚಾರಣೆ ಪ್ರಾಗ್‌ನಲ್ಲಿ ನಡೆದು, 1946ರ ಮೇ 22ರಂದು ಅವನನ್ನು ಗಲ್ಲಿಗೇರಿಸಲಾಯಿತು. 1947ರ ಜೂನ್‌ನಲ್ಲಿ ಹೊಸ ಲಿದಿತ್ಸೆಗೆ ಅಸ್ತಿವಾರದ ಕಲ್ಲು ಬಿತ್ತು. ಹಳೆಯ ಊರಿದ್ದ ಜಾಗವನ್ನು ಹುಲ್ಲುಗಾವಲಾಗಿ ಹಾಗೆಯೇ ಬಿಟ್ಟು, ಅದರ ಪಕ್ಕದ ಎತ್ತರದಲ್ಲಿ 150 ಮನೆಗಳನ್ನು ಕಟ್ಟಿದರು. ಮರಳಿ ಬಂದ ವಿಧವೆಯರೂ ಸಿಕ್ಕ ಮಕ್ಕಳೂ ಅಲ್ಲಿ ನೆಲೆಸಿದರು. 1955ರ ಜೂನ್ 19ರಂದು ಎರಡೂ ಊರುಗಳ ನಡುವೆ ಗುಲಾಬಿ ತೋಟವೊಂದು ಆರಂಭವಾಯಿತು. ಅದೂ ಡಾ. ಸ್ಟ್ರಾಸ್ ಅವರ ಯೋಚನೆಯೇ. ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಗಿಡಗಳು ಬಂದವು.

ಮರಿಯೆ ಉಖಿತಿಲೋವಾ ಎಂಬ ಶಿಲ್ಪಿ 1969ರಲ್ಲಿ ಒಂದು ಕೆಲಸಕ್ಕೆ ತೊಡಗಿದರು. ಸತ್ತ 82 ಮಕ್ಕಳಿಗೂ ಆಳೆತ್ತರದ ಒಂದೊಂದು ಪ್ರತಿಮೆ. ಇಪ್ಪತ್ತು ವರ್ಷ ದುಡಿದು 82 ಮೂರ್ತಿಗಳನ್ನು ಗಾರೆಯಲ್ಲಿ ರೂಪಿಸಿ, 1989ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಪತಿ ಅವನ್ನು ಕಂಚಿನಲ್ಲಿ ಎರಕ ಹೊಯ್ಯಿಸುವ ಕಾರ್ಯವನ್ನು ಮುಂದುವರಿಸಿದರು. ಕೊನೆಯ ಪ್ರತಿಮೆಗಳು ನಿಂತದ್ದು 2000ದಲ್ಲಿ. ದೊಡ್ಡವರು ಹಿಂದೆ, ಚಿಕ್ಕವರು ಮುಂದೆ, ಕೆಲವರ ಕೈ ಒಬ್ಬರ ಹೆಗಲ ಮೇಲೊಬ್ಬರದು. ಶಾಲೆಯ ಗುಂಪಿನ ಭಾವಚಿತ್ರಕ್ಕೆ ನಿಂತಂತೆ ಆ ಮಕ್ಕಳು ಬಯಲಿನ ಕಡೆ ಮುಖ ಮಾಡಿ ನಿಂತಿದ್ದಾರೆ. ಜನ ಅವರ ಪಾದಗಳ ಬಳಿ ಆಟಿಕೆಗಳನ್ನು ಇಟ್ಟುಹೋಗುತ್ತಾರೆ.

ಉತ್ತರ ಸ್ಟಾಫರ್ಡ್‌ಶೈರಿನ ಕೊನೆಯ ಆಳಗಣಿ 1998ರಲ್ಲಿ ಮುಚ್ಚಿತು. ಕ್ಲಾದ್ನೊ ಸುತ್ತಲಿನ ಗಣಿಗಾರಿಕೆ 2002ರಲ್ಲಿ ನಿಂತಿತು. ಕೊಟ್ಟವರ ಕಸುಬೂ ಪಡೆದವರ ಕಸುಬೂ ಇಂದು ಉಳಿದಿಲ್ಲ. ಆದರೆ ಲಿದಿತ್ಸೆಯ ವಸ್ತುಸಂಗ್ರಹಾಲಯವು ಮಕ್ಕಳ ಚಿತ್ರಕಲೆಯ ಅಂತರರಾಷ್ಟ್ರೀಯ ಸ್ಪರ್ಧೆಯೊಂದನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. 1967ರಲ್ಲಿ ಆರಂಭವಾದ ಇದು 1973ರಲ್ಲಿ ಇತರ ದೇಶಗಳ ಮಕ್ಕಳಿಗೂ ತೆರೆದುಕೊಂಡಿತು. ನಮ್ಮ ದೇಶದ ಮಕ್ಕಳ ಚಿತ್ರಗಳೂ ಅಲ್ಲಿಗೆ ಹೋಗುತ್ತವೆ. ನಿಮ್ಮಲ್ಲಿ ಈಗ ಉಪಾಧ್ಯಾಯರಾಗಿರುವವರು ನಿಮ್ಮ ತರಗತಿಯ ಮಕ್ಕಳಿಗೆ ಇದನ್ನು ತಿಳಿಸಬಹುದು. ಬಣ್ಣದ ಪೆಟ್ಟಿಗೆ ಕೊಡುವ ಮೊದಲು ಆ 82 ಮಕ್ಕಳ ವಿಷಯವನ್ನು, ಅವರ ವಯಸ್ಸಿಗೆ ತಕ್ಕಷ್ಟು, ಹೇಳಿರಿ.

ಯೂರೋಪಿನಲ್ಲಿ ನೆಲೆಸಿರುವ ಶಿಷ್ಯರೂ ಬಂಧುಗಳೂ ಪ್ರಾಗ್‌ಗೆ ಹೋದಾಗ ಕೋಟೆಯನ್ನೂ ಸೇತುವೆಯನ್ನೂ ನೋಡಿ ಬರುತ್ತೀರಿ, ಚಿತ್ರಗಳನ್ನೂ ಕಳುಹಿಸುತ್ತೀರಿ, ಸಂತೋಷ. ಮುಂದಿನ ಸಲ ಅರ್ಧ ದಿನ ಉಳಿಸಿಕೊಂಡು, 20 ಕಿಲೋಮೀಟರ್ ಆಚೆಗಿನ ಆ ಹುಲ್ಲುಗಾವಲಿಗೂ ಹೋಗಿ ಬನ್ನಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.